ಕಾಫಿ ಪುಡಿ ಪ್ಯಾಕೆಟ್ಟಿನ ಎರಡು ಲೆಕ್ಕ

ಕಳೆದ ಜುಲೈನಲ್ಲಿ ಮಡಿಕೇರಿಯ ಅಂಗಡಿಯೊಂದರಲ್ಲಿ ಕಾಲು ಕೆಜಿ ಕಾಫಿ ಪುಡಿ ತಗೊಂಡೆ. ಪ್ಯಾಕೆಟ್ ಮೇಲೆ ಮಂಜು ಮುಸುಕಿದ ಬೆಟ್ಟ. ಒಳಗೆ ತೋಟದ ಕಥೆ ಹೇಳುವ ಪುಟ್ಟ ಕಾರ್ಡು. ನಿಜಕ್ಕೂ ಖುಷಿಯಾಯಿತು. ಆದರೆ ಬಾಯಿ ಮುಚ್ಚುವ ಜಿಪ್ ಒಂದು ಮೂಲೆಯಲ್ಲಿ ಕೂರಲೇ ಇಲ್ಲ. ಹೊರಗೆ ಬಿಡದ ಮಳೆ. ನಾಲ್ಕೇ ದಿನಕ್ಕೆ ಪುಡಿ ಗಂಟುಗಟ್ಟಿತು, ಘಮ ಹೋಯಿತು. ಕಾರ್ಡಿನ ಚೆಂದ ಆ ಬೇಸರವನ್ನು ಒಂಚೂರೂ ಕಡಿಮೆ ಮಾಡಲಿಲ್ಲ.

ಖುಷಿ, ಬೇಸರ ಒಂದೇ ತಕ್ಕಡಿಯ ಎರಡು ತಟ್ಟೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ ಅಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್. ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಇಂಜಿನಿಯರ್, ಅಕೌಂಟೆಂಟ್‌ಗಳನ್ನು ಅವರ ತಂಡ ಮಾತಾಡಿಸಿತ್ತು. ಕೆಲಸದ ಜಾಗ, ಮೇಲಿನವರ ನಡವಳಿಕೆ ಕೆಟ್ಟಿದ್ದರೆ ಜನ ಬೇಸರಪಡುತ್ತಾರೆ. ಅದು ಸರಿಹೋದರೆ ಬೇಸರ ಹೋಗುತ್ತದೆ, ಖುಷಿ ಬರುವುದಿಲ್ಲ. ಖುಷಿ ಬರುವುದು ಸಾಧನೆ, ಮೆಚ್ಚುಗೆಯಂಥ ಬೇರೆ ಕಾರಣಗಳಿಂದ. ಇದನ್ನು ಅವರು 1959ರಲ್ಲಿ ಪ್ರಕಟಿಸಿದರು.

ಈ ಮಾತನ್ನು ವಸ್ತುಗಳ ವಿನ್ಯಾಸಕ್ಕೆ ತಂದವರು ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ. 1984ರಲ್ಲಿ ಅವರೂ ಜೊತೆಗಾರರೂ ಬರೆದ ಲೇಖನ ವಸ್ತುವಿನ ಗುಣಗಳನ್ನು ಬಗೆಬಗೆಯಾಗಿ ವಿಂಗಡಿಸಿತು. ಇರಲೇಬೇಕಾದದ್ದು: ಇಲ್ಲದಿದ್ದರೆ ಸಿಟ್ಟು, ಇದ್ದರೆ ಯಾರೂ ಗಮನಿಸುವುದಿಲ್ಲ. ಹೆಚ್ಚಿದಷ್ಟೂ ಖುಷಿ, ತಗ್ಗಿದಷ್ಟೂ ಬೇಸರ ಕೊಡುವಂಥದ್ದು. ಬಯಸದೇ ಸಿಕ್ಕ ಖುಷಿ. ಇದ್ದರೂ ಇಲ್ಲದಿದ್ದರೂ ಒಂದೇ ಅನ್ನುವಂಥದ್ದೂ ಇದೆ, ಇದ್ದರೇ ಸಿಟ್ಟು ಬರಿಸುವಂಥದ್ದೂ ಇದೆ. ತಿಳಿಯಲು ಕೇಳಬೇಕಾದ ಪ್ರಶ್ನೆ ಎರಡು. ಇದು ಇದ್ದರೆ ಹೇಗನಿಸುತ್ತದೆ? ಇಲ್ಲದಿದ್ದರೆ? ಸಾಮಾನ್ಯವಾಗಿ ನಾವು ಮೊದಲನೆಯದನ್ನಷ್ಟೇ ಕೇಳಿ ಸುಮ್ಮನಾಗುತ್ತೇವೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕೆಲಸದ್ದು.

1993ರ ಹೊತ್ತಿಗೆ ಅಮೆರಿಕದಲ್ಲಿ ಇದಕ್ಕೊಂದು ಸುಲಭ ಲೆಕ್ಕವೂ ಬಂತು. ಜಿಪ್ಪಿನ ಬಗ್ಗೆ 20 ಜನರನ್ನು ಕೇಳಿದೆವು ಅಂತ ಇಟ್ಟುಕೊಳ್ಳೋಣ. 12 ಜನರಿಗೆ ಅದು ಇರಲೇಬೇಕು. 4 ಜನರಿಗೆ ಚೆನ್ನಾಗಿದ್ದಷ್ಟೂ ಖುಷಿ, ಕೆಟ್ಟಷ್ಟೂ ಬೇಸರ. 2 ಜನರಿಗೆ ಬಯಸದೇ ಸಿಕ್ಕ ಖುಷಿ. ಉಳಿದ 2 ಜನರಿಗೆ ಎರಡೂ ಒಂದೇ. ಜಿಪ್ ಇದ್ದರೆ ಖುಷಿಪಡುವವರು 4 ಮತ್ತು 2, ಅಂದರೆ 20ರಲ್ಲಿ 6, ಅದು 0.3. ಇಲ್ಲದಿದ್ದರೆ ಬೇಸರಪಡುವವರು 12 ಮತ್ತು 4, ಅಂದರೆ 16, ಅದು 0.8. ಜಿಪ್ ಹಾಕಿದ್ದಕ್ಕೆ ಹೊಗಳಿಕೆ ಕಡಿಮೆ, ತಪ್ಪಿದರೆ ಗಿರಾಕಿ ತಪ್ಪಿದ ಹಾಗೆ. ದುಡ್ಡು ಮೊದಲು ಅಲ್ಲಿಗೆ ಹೋಗಬೇಕು. ಹಾಗಂತ ಕಾರ್ಡು ಬೇಡ ಅಂತಲ್ಲ. ದೂರು ಇಲ್ಲದ ಪ್ಯಾಕೆಟ್ಟನ್ನು ಜನ ಬೈಯುವುದಿಲ್ಲ, ನೆನಪಿಟ್ಟುಕೊಳ್ಳುವುದೂ ಇಲ್ಲ.

ಕೊಡಗಿನ ಬೆಳೆಗಾರರಿಗೆ ಈ ಲೆಕ್ಕ ಹೊಸದು. ಹಿಂದೆ ಬೆಳೆ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಮಾರಾಟ ಪೂರ್ತಿ ಬೆಳೆಗಾರರ ಕೈಗೆ ಬಂತು. ಕೊಡಗು ಅರೇಬಿಕಾ ಕಾಫಿಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಈಗ ತೋಟದವರೇ ಹುರಿದು, ಪುಡಿ ಮಾಡಿ ಮಾರುತ್ತಿದ್ದಾರೆ. ಅಡುಗೆಮನೆಯಲ್ಲಿ ಪ್ಯಾಕೆಟ್ ಬಿಚ್ಚುವ ಗಿರಾಕಿ ಅವರಿಗೆ ಈಗ ನೇರವಾಗಿ ಸಿಗುತ್ತಾನೆ.

ಲೆಕ್ಕ ಒಂದೇ ಕಡೆ ನಿಲ್ಲುವುದೂ ಇಲ್ಲ. ಪುಡಿಯನ್ನು ಕಾಗದದ ಕವರಿನಲ್ಲಿ ತಂದು ಡಬ್ಬಿಗೆ ಸುರಿಯುತ್ತಿದ್ದ ಕಾಲದಲ್ಲಿ ಜಿಪ್ ಸಿಕ್ಕಿದ್ದರೆ ಅದೇ ದೊಡ್ಡ ಖುಷಿ. ಈಗ ಅದು ಇರಲೇಬೇಕು. ಹುರಿದ ದಿನಾಂಕ ಬರೆದದ್ದು ಕಂಡರೆ ಇವತ್ತು ನನಗೆ ಖುಷಿ. ನಾಳೆ ಅದಿಲ್ಲದಿದ್ದರೆ ಸಿಟ್ಟು ಬರಬಹುದು.

ಪ್ರಶ್ನೆ ಯಾವಾಗ ಕೇಳುತ್ತೇವೆ ಅನ್ನೋದೂ ಮುಖ್ಯ. ಏಪ್ರಿಲ್ ಬಿಸಿಲಲ್ಲಿ ಕೇಳಿದರೆ ಜಿಪ್ಪಿನ ಬಗ್ಗೆ ಜನರಿಗೆ ಜಾಸ್ತಿ ಹೇಳಲು ಇರುವುದಿಲ್ಲ. ಜುಲೈನಲ್ಲಿ, ಗಂಟುಗಟ್ಟಿದ ಪುಡಿಯನ್ನು ಚಮಚದಲ್ಲಿ ಕುಟ್ಟುತ್ತಿರುವವರನ್ನು ಕೇಳಬೇಕು.