ರಿಪೋರ್ಟ್ ಬಂದ ಮೇಲಿನ ಎರಡು ದಿನ

ಜನವರಿಯ ಒಂದು ಬೆಳಿಗ್ಗೆ. ಆಳಂದ ಕಡೆಯ ಒಬ್ಬ ತಾಯಿ ಓಪಿಡಿ ತೆರೆಯುವ ಮೊದಲೇ ಬಂದು ಕೂತಿದ್ದರು. ಮಗನಿಗೆ 22 ವರ್ಷ, ಹಾಡ್ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್. ಆರು ತಿಂಗಳ ಕೀಮೋ ಮುಗಿದಿತ್ತು. ಹೈದರಾಬಾದಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿ ಬಂದಿದ್ದರು. ಮಗ ಮಾತ್ರ ಜೊತೆಗಿರಲಿಲ್ಲ.

ಸೆರಗಿನ ಗಂಟಿನಿಂದ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ಎದೆಯ ನಡುವೆ ಕಿತ್ತಳೆ ಬಣ್ಣದ ಒಂದು ಗುರುತು. “ಸಾಹೇಬ್ರ, ಮತ್ತ ಬಂದಾದೇನ್ರಿ? ಅವಗ ಇನ್ನಾ ಹೇಳಿಲ್ರಿ ನಾವು.”

ರಿಪೋರ್ಟ್ ಬಂದು ಎರಡು ದಿನ ಆಗಿತ್ತು. ಇಂಗ್ಲಿಷ್ ಬಲ್ಲ ಸಂಬಂಧಿಕರೊಬ್ಬರು ಓದಿ, “ಮೂರು ಅಂತ ಬರೆದಾರ, ಮೂರನೇ ಸ್ಟೇಜ್ ಇರಬೇಕು” ಅಂದಿದ್ದರಂತೆ. ಆ ಎರಡು ದಿನವೂ ಈ ತಾಯಿ ಮಗನ ಮುಂದೆ ಕೂತು ರೊಟ್ಟಿ ಬಡಿದಿದ್ದಾರೆ, ಉಣಬಡಿಸಿದ್ದಾರೆ, ರಾತ್ರಿ ಹಿತ್ತಲಿಗೆ ಹೋಗಿ ಅತ್ತಿದ್ದಾರೆ.

ಆ ‘3’ ಸ್ಟೇಜ್ ಅಲ್ಲ. ಅದು ಡೊವಿಲ್ ಸ್ಕೋರ್. ಫ್ರಾನ್ಸಿನ ಡೊವಿಲ್ ಎಂಬ ಊರಲ್ಲಿ 2009ರಲ್ಲಿ ತಜ್ಞರು ಕೂತು ಒಪ್ಪಿಕೊಂಡ 1ರಿಂದ 5ರವರೆಗಿನ ಅಳತೆ. ಗಡ್ಡೆಯ ಜಾಗ ಎಷ್ಟು ಹೊಳೆಯುತ್ತದೆ ಎಂದು ರೋಗಿಯ ಲಿವರಿನ ಹೊಳಪಿನ ಜೊತೆ ಹೋಲಿಸುತ್ತಾರೆ. ಲಿವರನ್ನು ಮೀರದಿದ್ದರೆ 3 ಅಥವಾ ಅದಕ್ಕಿಂತ ಕಡಿಮೆ. ಚಿಕಿತ್ಸೆ ಮುಗಿದ ಮೇಲೆ 1, 2, 3 ಬಂದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿಯೇ. 4, 5 ಬಂದರೆ ನಾವು ಇನ್ನಷ್ಟು ಹುಡುಕುತ್ತೇವೆ. ಒಂದು ಅಂಕಿಯನ್ನು ತಪ್ಪಾಗಿ ಓದಿದ್ದಕ್ಕೆ ಒಂದು ಮನೆ ಎರಡು ರಾತ್ರಿ ನಿದ್ದೆ ಬಿಟ್ಟಿತ್ತು. ಇದು ನನಗೆ ಬಹಳ ಸಂಕಟದ ವಿಷಯ, ಯಾಕೆಂದರೆ ಸ್ಕ್ಯಾನಿಗೆ ಕಳಿಸುವ ದಿನವೇ ಐದು ನಿಮಿಷ ಕೂರಿಸಿ ಹೇಳಿದ್ದರೆ ಇದನ್ನು ತಪ್ಪಿಸಬಹುದಿತ್ತು.

ಇನ್ನು ಆ ಕಿತ್ತಳೆ ಗುರುತು. ಪೆಟ್ ಯಂತ್ರಕ್ಕೆ ಕ್ಯಾನ್ಸರ್ ಕಾಣುವುದಿಲ್ಲ, ಸಕ್ಕರೆ ಕಾಣುತ್ತದೆ. ವಿಕಿರಣ ಬೆರೆಸಿದ ಸಕ್ಕರೆಯಂಥ ಔಷಧಿಯನ್ನು ನರಕ್ಕೆ ಕೊಟ್ಟು ಸುಮಾರು ಒಂದು ಗಂಟೆ ಸುಮ್ನೆ ಮಲಗಿಸುತ್ತಾರೆ. ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತದೋ ಅಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಕೋಶ ಸಕ್ಕರೆ ಜಾಸ್ತಿ ತಿನ್ನುತ್ತದೆ, ನಿಜ. ಆದರೆ ಮಿದುಳೂ ತಿನ್ನುತ್ತದೆ. ಟಿಬಿ ಗಂಟೂ ಹೊಳೆಯುತ್ತದೆ. ಹಿಂದಿನ ದಿನ ತೊಗರಿ ಚೀಲ ಹೊತ್ತಿದ್ದರೆ ಭುಜದ ಮಾಂಸಖಂಡ ಹೊಳೆಯುತ್ತದೆ. ಎಸಿ ಕೋಣೆಯಲ್ಲಿ ನಡುಗುತ್ತಾ ಮಲಗಿದ್ದರೆ ಕುತ್ತಿಗೆಯ ಕೊಬ್ಬು ಹೊಳೆಯುತ್ತದೆ. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಇತ್ತೀಚೆಗೆ ಆಗಿದ್ದರೆ ಎಲುಬಿನ ಮಜ್ಜೆಯೇ ಹೊಳೆಯುತ್ತದೆ.

ಹರೆಯದವರಲ್ಲಿ ಇನ್ನೊಂದು ಸಂಗತಿ ಇದೆ. ಎದೆಯ ಎಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿ. ಮಕ್ಕಳಲ್ಲಿ ದೊಡ್ಡದಿರುತ್ತದೆ, ವಯಸ್ಸಾದಂತೆ ಸೊರಗುತ್ತದೆ. ಕೀಮೋ ಕೊಟ್ಟಾಗ ಕುಗ್ಗುತ್ತದೆ. ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಮತ್ತೆ ಚಿಗುರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಮೈ ಸುಧಾರಿಸುತ್ತಿರುವ ಲಕ್ಷಣ ಅದು. ಪೆಟ್‌ನಲ್ಲಿ ಮಾತ್ರ ಎದೆಯ ನಡುವೆ ಹೊಳೆದು ಎಲ್ಲರ ಎದೆ ನಡುಗಿಸುತ್ತದೆ.

ಈ ಹುಡುಗನ ಕಾಯಿಲೆ ಇದ್ದದ್ದು ಕುತ್ತಿಗೆಯಲ್ಲಿ. ಅಲ್ಲಿ ಈಗ ಏನೂ ಇರಲಿಲ್ಲ. ಎದೆಯಲ್ಲಿ ಕಂಡದ್ದು ಎರಡು ಎಸಳಿನ ಆಕಾರ, ಮಂದ ಹೊಳಪು. ಹಳೆಯ ಸ್ಕ್ಯಾನಿನ ಸಿಡಿ ಹಾಕಿ ಪಕ್ಕಪಕ್ಕ ಇಟ್ಟು ನೋಡಿದೆ. ಥೈಮಸ್ ಅನ್ನಿಸಿತು. ಮೂರು ತಿಂಗಳಿಗೆ ಇನ್ನೊಮ್ಮೆ ನೋಡೋಣ ಎಂದೆ.

ಎಲ್ಲ ಹೊಳಪೂ ಥೈಮಸ್ ಅಲ್ಲ, ಅದನ್ನೂ ಹೇಳಬೇಕು. ಅನುಮಾನ ಬಂದರೆ ಬಯಾಪ್ಸಿ (ಆ ಜಾಗದ ಚೂರು ತೆಗೆದು ಪರೀಕ್ಷೆ) ಮಾಡುತ್ತೇವೆ, ಬರೀ ಚಿತ್ರ ನೋಡಿ ‘ಮರಳಿ ಬಂತು’ ಅನ್ನುವುದಿಲ್ಲ. ನಿಜವಾಗಿ ಮರಳಿದ್ದರೂ ಹಾಡ್ಕಿನ್‌ಗೆ ಬೇರೆ ಕೀಮೋ ಇದೆ, ರೋಗಿಯದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕೋಶ) ಕಸಿ ಇದೆ. ಅದರಿಂದ ಗುಣವಾದವರು ಬಹಳ ಜನ ಇದ್ದಾರೆ.

ಹಾಗಾಗಿ ಸ್ಕ್ಯಾನ್ ಬರೆಸಿಕೊಂಡ ದಿನವೇ ರಿಪೋರ್ಟ್ ಯಾವತ್ತು ಬರುತ್ತದೆ, ಯಾರು ವಿವರಿಸುತ್ತಾರೆ ಎಂದು ಕೇಳಿ, ಅದೇ ದಿನಕ್ಕೆ ನಂಬರ್ ಹಚ್ಚಿಸಿ. ಕಾಗದ ಮಾತ್ರವಲ್ಲ, ಹಳೆಯ ಸಿಡಿಗಳನ್ನೂ ತನ್ನಿ. ಒಂದು ಸಲ ಸೊಲ್ಲಾಪುರ, ಇನ್ನೊಂದು ಸಲ ಹೈದರಾಬಾದ್ ಎಂದು ಅಲೆಯುವ ಬದಲು ಆದಷ್ಟು ಒಂದೇ ಸೆಂಟರಿನಲ್ಲಿ ಮಾಡಿಸಿದರೆ ಹೋಲಿಸುವುದು ಸುಲಭ. ನಡುವೆ ಜ್ವರ, ಕೆಮ್ಮು ಬಂದಿದ್ದರೆ ತಪ್ಪದೆ ಹೇಳಿ.

ಆಮೇಲೆ ಮಗನಿಂದ ಮುಚ್ಚಿಡುವ ಮಾತು. 22 ವರ್ಷದವನು ತನ್ನ ಮೈಯ ಸುದ್ದಿಯನ್ನು ತಾನೇ ಕೇಳಬೇಕು. ತಾಯಿಯನ್ನು ಒಪ್ಪಿಸಿ ಅವನನ್ನು ಕರೆಸಿದೆ. ಹನ್ನೊಂದರ ಹೊತ್ತಿಗೆ ಬಂದ. ನಾನು ಮಾತು ಶುರು ಮಾಡುವ ಮೊದಲೇ, “ನನಗ ಗೊತ್ತದ್ರಿ ಸರ್. ರಿಪೋರ್ಟಿನ ಲಿಂಕ್ ಮೊದಲು ನನ್ನ ನಂಬರಿಗೇ ಬಂದಿತ್ತು. ಅವ್ವಗ ಹೇಳಬ್ಯಾಡ್ರಿ ಅಂತ ನಿಮಗ ಫೋನ್ ಮಾಡಾಂವ ಇದ್ದೆ” ಅಂದ. ತಾಯಿ ಅವನ ಮುಖವನ್ನೇ ನೋಡಿದರು. ಆಮೇಲೆ ಅವನ ಕೈ ಹಿಡಿದುಕೊಂಡು, ಇಬ್ಬರೂ ಕೂಡಿ ಪರದೆಯ ಮೇಲಿನ ಚಿತ್ರ ನೋಡಿದರು. ಥೈಮಸ್ ಎಲ್ಲಿದೆ ಎಂದು ನಾನು ಬೆರಳಿಟ್ಟು ತೋರಿಸಿದೆ.

ಏಪ್ರಿಲ್‌ನಲ್ಲಿ ಮತ್ತೆ ಬಂದರು. ಈ ಸಲ ಕವರ್ ಒಡೆದಿರಲಿಲ್ಲ. ಮಗನೇ ಅದನ್ನು ನನ್ನ ಟೇಬಲ್ ಮೇಲಿಟ್ಟು, ತಾಯಿಗೆ ಕುರ್ಚಿ ಎಳೆದುಕೊಟ್ಟ. ಎದೆಯ ಹೊಳಪು ತಗ್ಗಿತ್ತು.