ಸಾವಿರದಾಗ ಒಬ್ಬ

ಕಿಮ್ಸ್ ಎಂದು ಹೆಸರಾದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹಳಬರು ಇಂದಿಗೂ ಅನ್ನುವುದು ಕೆಎಂಸಿ ದವಾಖಾನಿ ಅಂತ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದಾಗಿನ ಹೆಸರು. ಗದಗ, ಹಾವೇರಿ ಕಡೆಯಿಂದ ಬಸ್ಸು ಹಿಡಿದು ಬಂದವರ ಸಾಲು ಕಂಡರೆ ಸೀಮೆಯ ಜಡ್ಡೆಲ್ಲ ಇಲ್ಲೇ ಬಂದು ಕೂತಂತೆ ಕಾಣುತ್ತದೆ. 'ಇಷ್ಟು ಪೇಶಂಟ್ ನೋಡಿದ ಮ್ಯಾಲೆ ಹುಡುಗರಿಗೆ ಕಲಿಯೂದು ಇನ್ನೇನೈತಿ?' ಅನ್ನುವವರಿದ್ದಾರೆ. ಬಹಳ ಐತಿ.

1961ರಲ್ಲಿ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ, ಬ್ರಿಟನ್ನಿನ ಅಂಕಿಗಳಿಂದ ಒಂದು ಲೆಕ್ಕ ಹಾಕಿದರು. ಸಾವಿರ ವಯಸ್ಕರಲ್ಲಿ ಒಂದು ತಿಂಗಳಿಗೆ 750 ಮಂದಿಗೆ ಏನಾದರೊಂದು ಜಡ್ಡು, ಪೆಟ್ಟು. ಡಾಕ್ಟರ ಬಳಿ ಹೋಗುವವರು 250. ಆಸ್ಪತ್ರೆ ಸೇರುವವರು 9. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮುಟ್ಟುವವನು ಒಬ್ಬ! ನಮ್ಮಲ್ಲಿ ಅಂಕಿ ಬೇರೆ ಇದ್ದೀತು, ಸೀದಾ ದೊಡ್ಡ ದವಾಖಾನಿಗೇ ಹೋಗುವ ರೂಢಿ ನಮ್ಮದು. ಆದರೂ ಸಾಣಿಗೆ ಅದೇ. ಬ್ಯಾಡಗಿ ಪೇಟೆಗೆ ಬಂದ ಮೆಣಸಿನಕಾಯಿ ನೋಡಿ ಹೊಲದ ರೋಗ ಹೇಳಲು ಬರುವುದಿಲ್ಲ. ಮುರುಟಿದ ಗಿಡ ಹೊಲದಲ್ಲೇ ಉಳಿದಿರುತ್ತದೆ, ಚೀಲ ಸೇರಿರುವುದಿಲ್ಲ. ಗ್ಯಾರೇಜಿನಲ್ಲೇ ಕೂತವನಿಗೆ ಊರಿನ ಗಾಡಿಗಳೆಲ್ಲ ಕೆಟ್ಟಂತೆ, ರಸ್ತೆಯ ತಗ್ಗು ಮಾತ್ರ ಕಾಣದು.

ಮುಂಡರಗಿ ತಾಲ್ಲೂಕಿನ ಕೆಲವು ಹಳ್ಳಿಗಳನ್ನೇ ನೋಡಿ. ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಇದು ಎನಾಮೆಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಕಟ್ಟುವ ಕೆಲಸ ಕೆಡಿಸುತ್ತದೆ. ಗೋಡೆ ಕಟ್ಟುವಾಗಲೇ ಗಿಲಾಯಿ ಕೆಟ್ಟರೆ ಆಮೇಲೆ ಎಷ್ಟು ಸುಣ್ಣ ಬಳಿದರೇನು? ಕಂದು ಪಟ್ಟೆ ಯಾವ ಪೇಸ್ಟಿಗೂ ಹೋಗುವುದಿಲ್ಲ. 'ನೀರು ಕಾಯಿಸಿ ಕುಡೀರಿ' ಎಂಬ ಸಲಹೆಯಂತೂ ಇಲ್ಲಿ ತಿರುಗುಬಾಣ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಕುದ್ದಷ್ಟೂ ಉಪ್ಪಾದ ಹಾಗೆ.

ಹಲ್ಲು ಕಂದಾಯಿತೆಂದು ಯಾರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ?

ಡಾಕ್ಟರರು 'ಸಾಮಾಜಿಕ ವೈದ್ಯ'ರಾಗಬೇಕೆಂದು ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಿದ ಭೋರ್ ಸಮಿತಿ ಹೇಳಿದ್ದು 1946ರಲ್ಲಿ. ಈಗ ಎಂಬಿಬಿಎಸ್ ಹುಡುಗರು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಹೋಗಿ ಬರಬೇಕೆಂಬ ನಿಯಮವೇ ಇದೆ. ಬಿಪಿ ನೋಡಿ, ಫಾರ್ಮ್ ತುಂಬಿ, ಫೋಟೋ ತೆಗೆಸಿಕೊಂಡು ಬಂದರೆ ಅದೂ ಇನ್ನೊಂದು ಒಪಿಡಿಯೇ. ಕೊಡ ಎಲ್ಲಿ ತುಂಬುತ್ತದೆ ಎಂದು ಕೇಳಬೇಕು. ಬೋರಿನ ನೀರು ಕುಡಿದು ಬೆಳೆದ ಅಣ್ಣನ ಹಲ್ಲು ಕಂದು, ಹೊಳೆ ನೀರಿನ ನಳ ಬಂದ ಮೇಲೆ ಹುಟ್ಟಿದ ತಂಗಿಯದು ಬಿಳಿ ಇದ್ದೀತು. ಆ ಇಬ್ಬರೂ ಒಟ್ಟಿಗೆ ಕಾಣಸಿಗುವುದು ಅವರ ಮನೆಯ ಕಟ್ಟೆಯ ಮೇಲೆ ಮಾತ್ರ.