ಲಂಡನ್ನಿಂದ ಒಳ್ಳೆ ಶೂ, ಶರ್ಟು ತರಬೇಕು, ಎಲ್ಲಿ ತಗೊಳ್ಳೋದು?

ಪ್ರಶ್ನೆ: ಸರ್, ಮಗನ ಕಾನ್ವೊಕೇಶನ್‌ಗೆ ಜುಲೈನಲ್ಲಿ ನಾನು, ನಮ್ಮನೆಯವರು ಲಂಡನ್‌ಗೆ ಹೋಗ್ತಾ ಇದೀವಿ, ಒಂದು ವಾರ ಇರ್ತೀವಿ. ಬಾಳಿಕೆ ಬರೋ ಅಂಥ ಒಂದು ಲೆದರ್ ಶೂ, ಎರಡು ಶರ್ಟು, ಆಗೋದಾದ್ರೆ ಒಂದು ಸೂಟು ತಗೋಬೇಕು ಅಂತ ಬಹಳ ದಿನದ ಆಸೆ. 700 ಪೌಂಡ್ ಎತ್ತಿಟ್ಟಿದೀನಿ. ಏರ್‌ಪೋರ್ಟಲ್ಲಿ ಟ್ಯಾಕ್ಸ್ ವಾಪಸ್ ಕೊಡ್ತಾರಂತಲ್ಲ, ಅದೂ ಸ್ವಲ್ಪ ಹೇಳಿ.

ಉತ್ತರ: ಟ್ಯಾಕ್ಸ್ ವಿಷಯ ಮೊದಲೇ ಮುಗಿಸ್ಬಿಡ್ತೀನಿ, ಎಷ್ಟೋ ಜನರ ಬಜೆಟ್ ಲೆಕ್ಕ ತಪ್ಪೋದೇ ಅಲ್ಲಿ. ಲಂಡನ್ನಲ್ಲಿ ಟೂರಿಸ್ಟ್‌ಗಳಿಗೆ ವ್ಯಾಟ್ ವಾಪಸ್ ಕೊಡೋದು 2020ರ ಡಿಸೆಂಬರ್ 31ಕ್ಕೇ ನಿಂತೋಯ್ತು. ಪ್ಯಾರಿಸ್, ಮಿಲಾನ್ ಕಡೆ ಹೋದ್ರೆ ಈಗಲೂ ಸಿಗುತ್ತೆ, ಇಟಲಿಯಲ್ಲಂತೂ 2024ರಿಂದ 70 ಯೂರೋ ದಾಟಿದ ಬಿಲ್ಲಿಗೇ ಕೊಡ್ತಾರೆ, ಆದ್ರೆ ಲಂಡನ್ನಲ್ಲಿ ಇಲ್ಲ. ಅಲ್ಲಿ ಬೆಲೆ ಚೀಟಿ ಮೇಲೆ ಏನಿದೆಯೋ ಅದೇ ರೇಟು, 20% ವ್ಯಾಟ್ ಅದರೊಳಗೇ ಸೇರಿರುತ್ತೆ. ಅಂಗಡಿಯವರೇ ನೇರ ಇಂಡಿಯಾಗೆ ಪಾರ್ಸೆಲ್ ಮಾಡಿದ್ರೆ ವ್ಯಾಟ್ ಬಿಡಬಹುದು, ಆದ್ರೆ ಇಲ್ಲಿ ಕಸ್ಟಮ್ಸ್ ಡ್ಯೂಟಿ ಬೀಳುತ್ತೆ, ಒಂದು ಜೊತೆ ಶೂಗೆ ಆ ತಲೆನೋವು ಬೇಡ.

ಇನ್ನು ಸೂಟು. ದಯವಿಟ್ಟು ಅದನ್ನ ಬಿಟ್ಬಿಡಿ. ಸ್ಯಾವಿಲ್ ರೋ ಬೀದಿಗೆ ಖಂಡಿತ ಹೋಗಿ ನೋಡಿ, ನೆಲಮಾಳಿಗೆ ಕಿಟಕಿಯಲ್ಲಿ ಟೈಲರ್‌ಗಳು ಬಟ್ಟೆ ಹೊಲಿಯೋದು ರಸ್ತೆಯಿಂದಲೇ ಕಾಣುತ್ತೆ, ಹೆನ್ರಿ ಪೂಲ್ ಅಂತ 1806ರಲ್ಲಿ ಶುರುವಾದ ಅಂಗಡಿ ಇದೆ, ನಮ್ಮ ಎಷ್ಟೋ ಮಹಾರಾಜರು ಅಲ್ಲಿ ಬಟ್ಟೆ ಹೊಲಿಸ್ಕೊಂಡಿದಾರೆ. ಆದ್ರೆ ಅಲ್ಲಿ ಅಳತೆ ಕೊಟ್ಟು ಹೊಲಿಸೋ ಸೂಟಿಗೆ ಕಮ್ಮಿ ಅಂದ್ರೂ 50 ಗಂಟೆ ಕೈಕೆಲಸ ಇರುತ್ತೆ, ಬೆಲೆ 5,000 ಪೌಂಡ್ ದಾಟುತ್ತೆ, ಮತ್ತೆ ಮತ್ತೆ ಟ್ರಯಲ್‌ಗೆ ಹೋಗ್ಬೇಕು, ಒಂದು ವಾರದಲ್ಲಿ ಆಗೋ ಮಾತೇ ಅಲ್ಲ. ರೆಡಿಮೇಡ್ ಸೂಟು ಇನ್ನೂರು ಮುನ್ನೂರು ಪೌಂಡಿಗೆ ಸಿಗುತ್ತೆ, ಆದ್ರೆ ಅದೇ ದುಡ್ಡಲ್ಲಿ ಒಳ್ಳೆ ಬಟ್ಟೆ ಆರಿಸಿ ಊರಲ್ಲಿ ನಂಬಿಕೆಯ ಟೈಲರ್ ಹತ್ರ ಹೊಲಿಸಿದ್ರೆ ಅದಕ್ಕಿಂತ ಚೆನ್ನಾಗಿ ಕೂರುತ್ತೆ ಮೈಗೆ.

ದುಡ್ಡು ಹಾಕೋದಾದ್ರೆ ಶೂಗೆ ಹಾಕಿ, ಅದಕ್ಕೆ ಲಂಡನ್ ಬಿಟ್ಟು ಅರ್ಧ ದಿನ ನಾರ್ಥಾಂಪ್ಟನ್‌ಗೆ ಹೋಗಿಬನ್ನಿ. ಯೂಸ್ಟನ್ ಸ್ಟೇಷನ್ನಿಂದ ಟ್ರೇನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, ಬೆಳಗಿನ ಆಫೀಸ್ ರಶ್ ಮುಗಿದ ಮೇಲೆ ಟಿಕೆಟ್ಟೂ ಅಗ್ಗ. ನಮ್ಮಲ್ಲಿ ಇಳಕಲ್ ಅಂದ್ರೆ ಸೀರೆ ಹೇಗೋ ಹಾಗೆ ಅಲ್ಲಿ ನಾರ್ಥಾಂಪ್ಟನ್ ಅಂದ್ರೆ ಶೂ. ಸುತ್ತ ದನ ಮೇಯೋ ಬಯಲು, ಚರ್ಮ ಹದ ಮಾಡೋಕೆ ಓಕ್ ಮರದ ತೊಗಟೆ, ನೆನ್ ನದಿ ನೀರು, ಮೂರೂ ಒಂದೇ ಕಡೆ ಇದ್ದಿದ್ದಕ್ಕೆ ಆ ಕಸುಬು ಅಲ್ಲಿ ಬೇರು ಬಿಡ್ತು. 1642ರಲ್ಲೇ ಅಲ್ಲಿನ ಮೋಚಿಗಳಿಗೆ ಸೈನ್ಯದಿಂದ 4,000 ಜೊತೆ ಶೂ, 600 ಜೊತೆ ಬೂಟಿನ ಆರ್ಡರ್ ಸಿಕ್ಕಿತ್ತು. ಊರಿನ ಫುಟ್‌ಬಾಲ್ ಟೀಮನ್ನ ಜನ ಇವತ್ತಿಗೂ ಕರೆಯೋದು ಕಾಬ್ಲರ್ಸ್ ಅಂತ, ಅಂದ್ರೆ ಮೋಚಿಗಳು ಅಂತಲೇ, ಅದು ಅವರಿಗೆ ಹೆಮ್ಮೆ, ನನಗೆ ಅದು ಬಹಳ ಇಷ್ಟವಾಯ್ತು.

ಕ್ರಾಕೆಟ್ ಅಂಡ್ ಜೋನ್ಸ್ (1879ರಲ್ಲಿ ಶುರುವಾದದ್ದು), ಟ್ರಿಕರ್ಸ್ (1829), ಚರ್ಚ್ಸ್ (1873) ಎಲ್ಲ ಆ ಊರಿನ ಶೂ ಕಂಪನಿಗಳೇ, ಫ್ಯಾಕ್ಟರಿ ಪಕ್ಕದಲ್ಲೇ ಅಂಗಡಿ ಇಟ್ಟಿರ್ತಾರೆ, ಅಲ್ಲಿ ಸೆಕೆಂಡ್ಸ್ ಅಂತ ಸಿಗುತ್ತೆ. ಹಳೇದಲ್ಲ ಅದು, ಹೊಸದೇ, ಎಲ್ಲೋ ಸಣ್ಣ ಗೀರು ಇರುತ್ತೆ, ಬಣ್ಣ ಒಂಚೂರು ಹೆಚ್ಚುಕಮ್ಮಿ ಆಗಿರುತ್ತೆ, ಹುಡುಕಿದ್ರೆ ಮಾತ್ರ ಕಾಣುತ್ತೆ. ಲಂಡನ್ ಅಂಗಡಿಯಲ್ಲಿ ಕ್ರಾಕೆಟ್ ಶೂ 500 ಪೌಂಡಿನ ಮೇಲಿದ್ರೆ ಇಲ್ಲಿ ನೂರು, ಕೆಲವು ಸಲ ಇನ್ನೂರು ಪೌಂಡ್ ಕಮ್ಮಿಗೇ ಸಿಗುತ್ತೆ. ಅಷ್ಟೂ ಬೇಡ ಅಂದ್ರೆ ಪಕ್ಕದ ಕೆಟರಿಂಗ್ ಊರಿನ ಲೋಕ್ ಅನ್ನೋ ಕಂಪನಿ ನೋಡಿ, ಅವರ 1880 ಅನ್ನೋ ಸಾಲಿನ ಶೂ ಒಳ್ಳೆ ಬೆಲೆಗೆ ಒಳ್ಳೆ ಮಾಲು. ಭಾನುವಾರ ಹೋಗ್ಬೇಡಿ, ಬಾಗಿಲು ಹಾಕಿರೋದೇ ಹೆಚ್ಚು, ಹೊರಡೋಕೆ ಮುಂಚೆ ಟೈಮಿಂಗ್ ನೋಡ್ಕೊಳಿ. ಸೆಕೆಂಡ್ಸ್ ವಾಪಸ್ ತಗೊಳ್ತಾರಾ ಅಂತಲೂ ಬಿಲ್ ಮಾಡಿಸೋ ಮುಂಚೆ ಕೇಳಿ.

ಇಷ್ಟು ದುಡ್ಡು ಯಾಕೆ ಅಂತ ನಮ್ಮನೆಯಲ್ಲೂ ಕೇಳಿದ್ರು. ಈ ಶೂಗಳು ಗುಡ್‌ಇಯರ್ ವೆಲ್ಟ್ ಅನ್ನೋ ಕ್ರಮದಲ್ಲಿ ಆಗಿರೋವು. ಮಾಮೂಲಿ ಶೂನಲ್ಲಿ ಮೇಲಿನ ಚರ್ಮಕ್ಕೆ ಅಟ್ಟೆಯನ್ನ ಅಂಟು ಹಾಕಿ ಕೂರಿಸಿರ್ತಾರೆ, ಬಿಟ್ಕೊಂಡ್ರೆ ಮುಗೀತು. ಇದರಲ್ಲಿ ಮೇಲಿನ ಚರ್ಮಕ್ಕೂ ಒಳ ಅಟ್ಟೆಗೂ ಸೇರಿಸಿ ಸುತ್ತಲೂ ಒಂದು ಚರ್ಮದ ಪಟ್ಟಿ ಹೊಲೀತಾರೆ, ಅದೇ ವೆಲ್ಟು, ಆಮೇಲೆ ಹೊರಗಿನ ಅಟ್ಟೆಯನ್ನ ಆ ಪಟ್ಟಿಗೆ ಬೇರೆ ಹೊಲಿಗೆ ಹಾಕ್ತಾರೆ, ಮಧ್ಯೆ ಕಾರ್ಕ್ ಪದರ ಇರುತ್ತೆ, ಅದು ಹಾಕ್ತಾ ಹಾಕ್ತಾ ನಿಮ್ಮ ಪಾದದ ಆಕಾರಕ್ಕೆ ಕೂತ್ಕೊಳ್ಳುತ್ತೆ. ಅಟ್ಟೆ ಸವೆದಾಗ ಆ ಹೊರ ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಹಾಕಿಸಿದ್ರೆ ಆಯ್ತು, ಮೇಲಿನ ಚರ್ಮಕ್ಕೆ ಏನೂ ಆಗಲ್ಲ. ಹೀಗೆ ಎರಡು ಮೂರು ಸಲ ಅಟ್ಟೆ ಬದಲಾಯಿಸಿ ಹದಿನೈದಿಪ್ಪತ್ತು ವರ್ಷ ಹಾಕೋರಿದಾರೆ. ಕೊಳ್ಳೋವಾಗ ಒಳಗಡೆ ಎಲ್ಲಿ ಮಾಡಿದ್ದು ಅಂತ ಓದಿ, ಇಂಗ್ಲಿಷ್ ಹೆಸರಿನ ಕೆಲವು ಶೂ ನಮ್ಮ ಇಂಡಿಯಾದಲ್ಲೇ ಆಗಿರುತ್ತೆ, ಅದು ಕೆಟ್ಟದ್ದೇನಲ್ಲ, ಆದ್ರೆ ಅದಕ್ಕೆ ನಾರ್ಥಾಂಪ್ಟನ್ ತನಕ ಹೋಗೋದು ಯಾಕೆ.

ಸೈಜು ಮಾತ್ರ ಬಹಳ ಹುಷಾರು. ನಮ್ಮ ಅಂಗಡಿಗಳ ನಂಬರು, ಅಲ್ಲಿನ ನಂಬರು ಎರಡೂ ಯುಕೆ ಅಳತೆಯೇ, ಹಾಗಂತ ನಂದು 8 ಅಂತ ಕಣ್ಮುಚ್ಚಿ ಹೇಳ್ಬೇಡಿ. ಸ್ಪೋರ್ಟ್ಸ್ ಶೂ 8 ಹಾಕೋರಿಗೆ ಈ ಶೂ ಏಳೂವರೆ ಸರಿಹೋಗೋದು ಮಾಮೂಲು. ಅಗಲಕ್ಕೂ ಬೇರೆ ಅಕ್ಷರ ಇದೆ, ಹೆಚ್ಚಿನ ಕಡೆ ಇ ಅಂದ್ರೆ ಕಿರಿದು, ಎಫ್ ಮಾಮೂಲಿ, ಜಿ ಅಗಲ, ಆದ್ರೆ ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತೆ, ಕೇಳಿ ನೋಡಿ. ಚಿಕ್ಕಂದಿನಿಂದ ಚಪ್ಪಲಿ ಹಾಕಿ, ಬರಿಗಾಲಲ್ಲಿ ಓಡಾಡಿ ಬೆಳೆದ ನಮ್ಮ ಪಾದ ಮುಂದುಗಡೆ ಅಗಲ ಇರುತ್ತೆ, ಅಗಲದ್ದನ್ನ ಹಾಕಿ ನೋಡದೆ ದುಡ್ಡು ಕೊಡ್ಬೇಡಿ. ನಾನು ಮೊದಲ ಸಲ ಹೋದಾಗ ಲಂಡನ್ನಿನ ಒಂದು ಅಂಗಡಿಯಲ್ಲಿ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್ ಅಂದ್ರು ಅಂತ ಬಿಗಿಯಾಗಿದ್ದಿದ್ದೇ ತಗೊಂಡೆ. ಲೆದರು ಸ್ವಲ್ಪ ಹಿಗ್ಗುತ್ತೆ ನಿಜ, ಆದ್ರೆ ಕಿರುಬೆರಳು ಒತ್ತೋದು ಹೋಗ್ಲೇ ಇಲ್ಲ, ಕೊನೆಗೆ ಭಾವಮೈದನಿಗೆ ಕೊಟ್ಟೆ, ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಬೇಜಾರು. ಮಧ್ಯಾಹ್ನದ ಮೇಲೆ ಹೋಗಿ, ನಡೆದು ನಡೆದು ಪಾದ ಸ್ವಲ್ಪ ಊದಿರುತ್ತೆ, ಆಫೀಸಿಗೆ ಹಾಕೋ ಸಾಕ್ಸೇ ಹಾಕ್ಕೊಂಡಿರಿ. ಹಿಮ್ಮಡಿ ಒಂಚೂರು ಜಾರಿದ್ರೆ ಪರವಾಗಿಲ್ಲ, ಅಟ್ಟೆ ಬಗ್ಗೋಕೆ ಶುರುವಾದ ಮೇಲೆ ಅದು ಕಮ್ಮಿ ಆಗುತ್ತೆ, ಮುಂದುಗಡೆ ಒತ್ತಿದ್ರೆ ಮಾತ್ರ ಬೇಡವೇ ಬೇಡ.

ಲೆದರ್ ಅಟ್ಟೆ ನೋಡೋಕೆ ಚೆಂದ, ನಮ್ಮ ಮಳೆಗಾಲಕ್ಕೆ ಆಗಲ್ಲ, ಒದ್ದೆ ರಸ್ತೆಯಲ್ಲಿ ಬೇಗ ಸವೆಯುತ್ತೆ, ಟೈಲ್ಸ್ ಮೇಲೆ ಜಾರುತ್ತೆ. ಡೈನೈಟ್ ಅಂತ ರಬ್ಬರ್ ಅಟ್ಟೆ ಬರುತ್ತೆ, ಸಣ್ಣ ಸಣ್ಣ ಗುಂಡಿ ಗುಂಡಿ ಇರುತ್ತೆ ಅಡಿಯಲ್ಲಿ, ಪಕ್ಕದಿಂದ ನೋಡಿದ್ರೆ ಲೆದರ್ ಥರವೇ ಕಾಣುತ್ತೆ, ಅದನ್ನೇ ಕೇಳಿ. ಬಣ್ಣ ಡಾರ್ಕ್ ಬ್ರೌನ್ ತಗೊಂಡ್ರೆ ಆಫೀಸಿಗೂ ಆಯ್ತು, ಮದುವೆ ಮನೆಗೂ ಆಯ್ತು.

ಶರ್ಟಿಗೆ ಪಿಕಡಿಲಿ ಹಿಂದಿನ ಜರ್ಮಿನ್ ಸ್ಟ್ರೀಟು. ಟರ್ನ್‌ಬುಲ್ ಅಂಡ್ ಆಸರ್ (1885) ಅಲ್ಲಿನ ದೊಡ್ಡ ಹೆಸರು, ಚರ್ಚಿಲ್ ಕೂಡ ಅಲ್ಲಿನ ಗಿರಾಕಿಯಾಗಿದ್ರು, ಒಂದು ಶರ್ಟಿಗೇ ಇನ್ನೂರು ಪೌಂಡ್ ದಾಟುತ್ತೆ. ನಿಮ್ಮ ಬಜೆಟ್ಟಿಗೆ ಚಾರ್ಲ್ಸ್ ಟಿರ್‌ವಿಟ್ ಥರದವು ಸಾಕು, ಮೂರ್ನಾಲ್ಕು ಒಟ್ಟಿಗೆ ತಗೊಂಡ್ರೆ ಬೆಲೆ ಚೆನ್ನಾಗಿ ಇಳಿಯುತ್ತೆ, ನಿಮಗೆರಡು ಮಗನಿಗೆರಡು ಅಂತ ತಗೊಳಿ. ಕಾಲರ್ ಇಂಚು, ತೋಳಿನ ಉದ್ದ ಎರಡೂ ಬೇರೆ ಬೇರೆ ಆರಿಸಬಹುದು, ಆ ಅನುಕೂಲ ನಮ್ಮ ರೆಡಿಮೇಡ್ ಅಂಗಡಿಗಳಲ್ಲಿ ಅಪರೂಪ. ನಾನ್-ಐರನ್ ಅಂತ ಬರೆದಿರೋದು ಬೇಡ, ಸುಕ್ಕು ಬೀಳಬಾರದು ಅಂತ ಬಟ್ಟೆಗೆ ರೆಸಿನ್ ಹಾಕಿರ್ತಾರೆ, ದಾವಣಗೆರೆಯದ್ದೋ ಮಂಗಳೂರಿನದ್ದೋ ಸೆಕೆಗೆ ಮೈಗೆ ಗಾಳಿ ಆಡಲ್ಲ, ಸಾದಾ ಪಾಪ್ಲಿನ್ ಕೇಳಿ ತಗೊಳಿ. ಜುಲೈನಲ್ಲಿ ಅಲ್ಲಿ ಬೇಸಿಗೆ ಸೇಲ್ ನಡೀತಾ ಇರುತ್ತೆ, ಅದು ನಿಮ್ಮ ಅದೃಷ್ಟ.

ಮನೆಯವರ ಜೊತೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದಾಗ ಹತ್ತಿರದ ನ್ಯೂ ಆಕ್ಸ್‌ಫರ್ಡ್ ಸ್ಟ್ರೀಟಲ್ಲಿ ಜೇಮ್ಸ್ ಸ್ಮಿತ್ ಅಂತ 1830ರಿಂದ ಇರೋ ಕೊಡೆ ಅಂಗಡಿ ಇದೆ, ಅಲ್ಲಿಗೆ ಹೋಗದೆ ಬರಬೇಡಿ. ಮರದ ಹಿಡಿ ಕೊಡೆ ಸಾಲು ನೋಡೋಕೇ ಒಂದು ಸುಖ, ದುಡ್ಡು ಉಳಿದಿದ್ರೆ ಒಂದು ತಗೊಳಿ.

ವಾಪಸ್ ಬರೋವಾಗ ಶೂ ಡಬ್ಬ ಅಲ್ಲೇ ಬಿಡಿ, ಜಾಗ ತಿನ್ನುತ್ತೆ, ಬಟ್ಟೆ ಚೀಲದಲ್ಲಿ ಹಾಕಿ ಒಳಗೆ ಸಾಕ್ಸ್ ತುಂಬ್ಸಿ ತನ್ನಿ, ಬಿಲ್ಲು ಮಾತ್ರ ಕೈಯಲ್ಲಿರಲಿ, ಕಸ್ಟಮ್ಸ್‌ನವರು ಕೇಳಿದ್ರೆ ತೋರಿಸೋಕೆ. ಜೊತೆಗೆ ಸೀಡರ್ ಮರದ ಶೂ ಟ್ರೀ, ಅಂದ್ರೆ ಶೂ ಒಳಗಿಡೋ ಪಾದದ ಆಕಾರದ ಮರದ ಅಚ್ಚು, ಒಂದು ಜೊತೆ ತಗೊಳಿ, ನಮ್ಮಲ್ಲಿ ಆಷಾಢ ಶ್ರಾವಣದಲ್ಲಿ ಬೀರು ಒಳಗಿಟ್ಟ ಲೆದರ್‌ಗೆ ಬೂಷ್ಟು ಹಿಡಿಯುತ್ತಲ್ಲ, ಆ ಮರ ತೇವ ಎಳ್ಕೊಳ್ಳುತ್ತೆ. ಒಂದು ದಿನ ಹಾಕಿದ್ರೆ ಮಾರನೇ ದಿನ ಶೂಗೆ ರಜೆ ಕೊಡಿ.